ಅಂಬಾಸಡರಿನ ಒಳಾಂಗಣ ಮತ್ತು ಅದರ ಮರುಮಾರಾಟದ ಬೆಲೆ

ಹಳೆಯ ಕಾರಿನ ಬೆಲೆ ಕಟ್ಟುವಾಗ ಇಂಜಿನ್ನಿಗೂ ಹೊರಮೈಯ ಬಣ್ಣಕ್ಕೂ ಸಲ್ಲುವಷ್ಟು ಗಮನ ಒಳಾಂಗಣಕ್ಕೆ, ಎಂದರೆ ಸೀಟು, ಬಾಗಿಲಿನ ಒಳಹೊದಿಕೆ, ಟಾಪ್ ಲೈನಿಂಗ್ ಎನ್ನಲಾಗುವ ಚಾವಣಿಯ ಬಟ್ಟೆ, ನೆಲಹಾಸು ಮತ್ತು ಡ್ಯಾಷ್‌ಬೋರ್ಡುಗಳಿಗೆ ಸಲ್ಲುವುದಿಲ್ಲ. ಕಾನೂನಿನ ಕಣ್ಣೂ ಅತ್ತ ಹೆಚ್ಚು ಹರಿದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯು, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಖಾಸಗಿ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ಸ್ಥಾನವನ್ನೂ ‘ವಿಎ’ ಅಕ್ಷರಗಳುಳ್ಳ ನಂಬರ್ ಪ್ಲೇಟನ್ನೂ ಕೊಟ್ಟಿತು. ವಾಹನ ಮೂಲರೂಪದಲ್ಲಿಯೇ ಇರಬೇಕೆಂದು ವಿಧಿಸುವಾಗ ಅದು ಹೆಸರಿಸಿರುವುದು ಚಾಸಿ, ಬಾಡಿ ಮತ್ತು ಇಂಜಿನ್ನಿನ ಮಾರ್ಪಾಡುಗಳನ್ನು. ಸೀಟಿನ ಹೊದಿಕೆ ಆ ಪಟ್ಟಿಯಲ್ಲಿಲ್ಲ. ಆದರೆ ಬಾಗಿಲು ತೆರೆದು ಒಳಗೆ ಕುಳಿತು ನೋಡುವ ಗಿರಾಕಿಯ ಲೆಕ್ಕಾಚಾರವೇ ಬೇರೆ.

ಇದನ್ನು ಪರಿಶೀಲಿಸಲು ಅಂಬಾಸಡರ್ ಸೂಕ್ತವಾದ ಉದಾಹರಣೆ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರನ್ನು ಆಧರಿಸಿ ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ಈ ಕಾರು ಜಿಲ್ಲಾಧಿಕಾರಿಗಳಿಂದ ಹಿಡಿದು ಬಾಡಿಗೆ ಚಾಲಕರವರೆಗೆ ಎಲ್ಲರದೂ ಆಗಿತ್ತು. ಆ ಕಾಲದ ಭಾರತೀಯ ಕಾರುಗಳ ಸೀಟನ್ನು ಬಿಚ್ಚಿದರೆ ಪದರಪದರವಾಗಿ ಅದರ ರಚನೆ ಕಾಣುತ್ತದೆ: ತಳದಲ್ಲಿ ಉಕ್ಕಿನ ಸ್ಪ್ರಿಂಗು, ಅದರ ಮೇಲೆ ಗೋಣಿಬಟ್ಟೆ, ಅದರ ಮೇಲೆ ತೆಂಗಿನ ನಾರಿಗೆ ರಬ್ಬರಿನ ಹಾಲನ್ನು ಸಿಂಪಡಿಸಿ ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸಿದ ಕಾಯರ್ ಹಲಗೆ, ಎಲ್ಲಕ್ಕಿಂತ ಮೇಲೆ ರೆಕ್ಸಿನ್ನು. ರೆಕ್ಸಿನ್ ಎಂಬುದು ಬಟ್ಟೆಯ ಮೇಲೆ ಪಿವಿಸಿ ಎಂಬ ಪ್ಲಾಸ್ಟಿಕ್ಕನ್ನು ಲೇಪಿಸಿದ ಹಾಳೆ. ಪಿವಿಸಿ ಸ್ವಭಾವತಃ ಪೆಡಸಾದದ್ದು; ಅದನ್ನು ಮೆತ್ತಗಾಗಿಸಲು ಎಣ್ಣೆಯಂಥ ಮೃದುಕಾರಕಗಳನ್ನು ಬೆರೆಸುತ್ತಾರೆ, ಆದರೆ ಇವು ಪ್ಲಾಸ್ಟಿಕ್ಕಿನ ಅಣುಗಳೊಡನೆ ರಾಸಾಯನಿಕ ಬಂಧ ಹೊಂದದೆ ಅವುಗಳ ನಡುವೆ ಸುಮ್ಮನೆ ಸೇರಿಕೊಂಡಿರುತ್ತವೆ.

ಈ ಒಂದು ಸಂಗತಿಯೇ ಬಿಸಿಲುಸೀಮೆಯ ಕಾರುಗಳ ಹಣೆಬರಹವನ್ನು ಬರೆಯುತ್ತದೆ. ಹೊಸಪೇಟೆಯ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ಸೆಲ್ಸಿಯಸ್ ಇರುವಾಗ ಗಾಜು ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಬಿಸಿಲು ನೇರವಾಗಿ ಬೀಳುವ ಜಾಗ 70 ಡಿಗ್ರಿಯನ್ನು ಮುಟ್ಟಬಲ್ಲದು. ಆ ಕಾವಿಗೆ ಮೃದುಕಾರಕ ನಿಧಾನವಾಗಿ ಆವಿಯಾಗಿ ಮುಂಗಾಜಿನ ಒಳಬದಿಯಲ್ಲಿ ಜಿಡ್ಡಿನ ಪೊರೆಯಾಗಿ ಕೂರುತ್ತದೆ ಮತ್ತು ರೆಕ್ಸಿನ್ನು ಪೆಡಸಾಗಿ ಹೊಲಿಗೆಯ ಸಾಲಿನಲ್ಲಿ ಸೀಳತೊಡಗುತ್ತದೆ. ಸಂಡೂರಿನ ಅದಿರು ಸಾಗುವ ರಸ್ತೆಗಳ ಕೆಂಧೂಳು ಮತ್ತೊಂದು ಬಗೆಯ ಹಾನಿ ಮಾಡುತ್ತದೆ. ದಾರಕ್ಕಿಂತ ಎಷ್ಟೋ ಗಡಸಾದ ಅದರ ಕಣಗಳು ಹೊಲಿಗೆಯ ಸಂದಿಗಿಳಿದು, ಕುಳಿತು ಎದ್ದಾಗಲೆಲ್ಲ ಅರದಂತೆ ದಾರವನ್ನು ಸವೆಸುತ್ತವೆ. ಬುಕ್ಕಸಾಗರದಿಂದ ಕಂಪ್ಲಿಯವರೆಗಿನ ಬಾಳೆ, ಕಬ್ಬು, ಭತ್ತದ ನೀರಾವರಿ ಬಯಲಿನಲ್ಲಿ ತೊಂದರೆ ತೇವದ್ದು. ನೆಲಹಾಸಿನ ಅಡಿಯ ಸೆಣಬಿನ ಫೆಲ್ಟು, ಎಂದರೆ ಸದ್ದನ್ನೂ ಬಿಸಿಯನ್ನೂ ತಡೆಯುವ ಒತ್ತುಹಾಸು, ಕೆಸರುಗಾಲಿನ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಅದರ ಕೆಳಗಿನ ತಗಡನ್ನು ಯಾರ ಕಣ್ಣಿಗೂ ಬೀಳದೆ ತುಕ್ಕು ತಿನ್ನುತ್ತದೆ.

ಇಂಥ ಸ್ಥಿತಿಗೆ ಬಂದ ಒಳಾಂಗಣವನ್ನು ಬದಲಿಸುವುದು ತಪ್ಪಲ್ಲ, ಎಷ್ಟೋ ಸಲ ಅನಿವಾರ್ಯ. ಬೆಲೆಯ ಏರಿಳಿತ ನಿಂತಿರುವುದು ಬದಲಿಸಿದ ಬಗೆಯ ಮೇಲೆ. ಮೂಲ ಹೊದಿಕೆ ಪೂರ್ಣ ಹಾಳಾಗಿದ್ದು, ಅದೇ ಬಣ್ಣ, ಅದೇ ಮೈವಿನ್ಯಾಸ, ಅದೇ ಅಂತರದ ಪಟ್ಟಿಹೊಲಿಗೆಯಲ್ಲಿ ಹೊಸ ರೆಕ್ಸಿನ್ ಹೊಲಿಸಿದರೆ ಕಾರು ಬೇಗ ಮಾರಾಟವಾಗುತ್ತದೆ, ಆದರೂ ಅಂಬಾಸಡರಿನಂತೆ ಲಕ್ಷಗಟ್ಟಲೆ ತಯಾರಾದ ಕಾರಿನಲ್ಲಿ ಕುಷನ್ ಕೆಲಸಕ್ಕೆ ಸುರಿದ ಹಣವೆಲ್ಲ ಮರಳಿ ಬರುವುದು ಅಪರೂಪ. ಅಖಂಡ ಬೆಂಚಿನಂಥ ಮುಂಸೀಟನ್ನು ಕಿತ್ತು ಇಂದಿನ ಕಾರಿನ ಬಕೆಟ್ ಸೀಟುಗಳನ್ನು ಕೂರಿಸಿದರೆ ಮಾಲೀಕರಿಗೆ ಸುಖ ಹೆಚ್ಚೀತು, ಆದರೆ ಹಳೆಯ ಕಾರಿಗಾಗಿಯೇ ಹುಡುಕಿ ಬರುವ ಗಿರಾಕಿ ಅದನ್ನು ಮತ್ತೆ ಮೊದಲಿನಂತೆ ಮಾಡಿಸುವ ಖರ್ಚನ್ನು ಮನಸ್ಸಿನಲ್ಲೇ ಕಳೆದು ಬೆಲೆ ಹೇಳುತ್ತಾನೆ. ಕಾರು ಅಪರೂಪದ್ದಾಗಿ, ಕಾರ್ಖಾನೆಯಿಂದ ಬಂದ ಒಳಾಂಗಣ ಮಾಸಿದ್ದರೂ ಹರಿಯದೆ ಉಳಿದಿದ್ದರೆ, ಅದನ್ನು ಮುಟ್ಟದಿರುವುದೇ ಲಾಭ. ಹೊಸ ಹೊದಿಕೆಯನ್ನು ಎಷ್ಟು ಸಲವಾದರೂ ಹಾಕಿಸಬಹುದು, ಕಾರ್ಖಾನೆಯ ಹೊದಿಕೆಯನ್ನು ಮತ್ತೆ ತರಲಾಗದು.

ಇದು ಸಂಗ್ರಾಹಕರ ವ್ಯಾಮೋಹ ಮಾತ್ರವಲ್ಲ, ಸಂರಕ್ಷಣೆಯ ಅಂಗೀಕೃತ ತತ್ತ್ವ. ಹಂಪಿಯಂಥ ಸ್ಮಾರಕಗಳ ರಕ್ಷಣೆಗೆ ಜಗತ್ತಿನಾದ್ಯಂತ ಆಧಾರವಾಗಿರುವ 1964ರ ವೆನಿಸ್ ಸನ್ನದು, ಊಹೆಗೆ ಎಡೆಗೊಡದೆ ಮೂಲ ವಸ್ತುವನ್ನು ಗೌರವಿಸಬೇಕೆಂದೂ ಮಾಡಿದ ಕೆಲಸವನ್ನೆಲ್ಲ ದಾಖಲಿಸಬೇಕೆಂದೂ ವಿಧಿಸುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಅದೇ ವಿಚಾರವನ್ನು ಕಾರುಗಳಿಗೆ ಅನ್ವಯಿಸಿತು. ಕುಷನ್ ಕೆಲಸಗಾರರ ಭಾಷೆಯಲ್ಲಿ ಹೇಳುವುದಾದರೆ, ಪುಡಿಯಾದ ಕಾಯರನ್ನೂ ಕೊಳೆತ ಫೆಲ್ಟನ್ನೂ ಧಾರಾಳವಾಗಿ ಬದಲಿಸಬೇಕು, ಮೇಲಿನ ರೆಕ್ಸಿನ್ನನ್ನು ಸಾಧ್ಯವಾದಷ್ಟೂ ಉಳಿಸಿ ಹರಿದ ಪಟ್ಟಿಗೆ ಮಾತ್ರ ಹೊಸದನ್ನು ಜೋಡಿಸಬೇಕು. ಬಣ್ಣ ಹೊಂದಿಸಲು ಸೀಟಿನ ಅಡಿಗೆ ಮಡಿಚಿದ ಅಂಚೇ ನಂಬಬಹುದಾದ ಮಾದರಿ, ಏಕೆಂದರೆ ಬಿಸಿಲು ಕಾಣದ ಆ ಎರಡು ಬೆರಳಗಲದಲ್ಲಿ ಕಾರ್ಖಾನೆಯ ಬಣ್ಣ ಹೆಚ್ಚು ಮಾಸದೆ ಉಳಿದಿರುತ್ತದೆ; ಅನುಭವವುಳ್ಳ ಗಿರಾಕಿಯೂ ಮೊದಲು ಸೀಟೆತ್ತಿ ಅಲ್ಲಿಯೇ ನೋಡುತ್ತಾನೆ. ಬಿಚ್ಚಿದ ಹೊದಿಕೆಯನ್ನು ಸುತ್ತಿಟ್ಟು, ಕೆಲಸದ ಮುಂಚಿನ ಮತ್ತು ನಂತರದ ಚಿತ್ರಗಳನ್ನೂ ರಸೀದಿಗಳನ್ನೂ ಕಾರಿನೊಡನೆಯೇ ಒಪ್ಪಿಸಿದರೆ ಕೊಳ್ಳುವವರ ಅನುಮಾನಕ್ಕೆ ಎಡೆಯಿರುವುದಿಲ್ಲ. ಸ್ಟೀರಿಯೊ ಕೂರಿಸಲು ಹಳೆಯ ಡ್ಯಾಷ್‌ಬೋರ್ಡನ್ನು ಕೊರೆದ ಕಾರಿಗೆ ಮಾತ್ರ ಈ ಯಾವ ದಾಖಲೆಯೂ ಒದಗಿಬರುವುದಿಲ್ಲ, ಏಕೆಂದರೆ ಆ ರಂಧ್ರವನ್ನು ಬೆಸೆದು ಮುಚ್ಚಿ ಬಣ್ಣ ಬಳಿದರೂ ಅಲ್ಲಿದ್ದ ಮೂಲ ತಗಡೂ ಮೂಲ ಬಣ್ಣವೂ ಹೋದದ್ದು ಹೋದಂತೆಯೇ.