ದೊಡ್ಡ ಮೋಟಾರು ಗಾಡಿಯೂ ವಾರಂಟಿಯ ಕಾಗದವೂ

ಕಬ್ಬಿನ ಬಿಲ್ಲು ಚೆನ್ನಾಗಿ ಬಂದ ವರ್ಷ ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಗಳಲ್ಲಿ ದೊಡ್ಡ ಮೋಟಾರು ಗಾಡಿ ಕೊಳ್ಳುವ ರೂಢಿ ಇತ್ತಿತ್ತಲಾಗಿ ಬೆಳೆದಿದೆ. 2000ದಲ್ಲಿ ಬೊಲೆರೊ, 2002ರಲ್ಲಿ ಸ್ಕಾರ್ಪಿಯೊ ಪೇಟೆಗೆ ಬಂದವು. ಹಳೆಯ ಜೀಪು ನಿಲ್ಲುತ್ತಿದ್ದ ಅಂಗಳದಲ್ಲಿ ಈಗ ಪೇಟೆಯವರು ಎಸ್‌ಯುವಿ ಎಂದು ಕರೆಯುವ ಇಂಥ ಗಾಡಿಗಳು ನಿಂತಿರುವದನ್ನು ನಾಗಣಸೂರು, ಮೈಂದರ್ಗಿ, ದುಧನಿಗಳಲ್ಲಿ ಯಾರೂ ಕಾಣಬಹುದು. ಹತ್ತು-ಹದಿನೈದು ಲಕ್ಷ ರೂಪಾಯಿಯ ಬಾಬು, ಅದೂ ಬಹಳ ಮಂದಿಗೆ ಸಾಲದ್ದು. ಕೆಟ್ಟರೆ ವಾರಂಟಿ ಇದೆಯಲ್ಲ ಎಂಬ ಧೈರ್ಯದ ಮೇಲೆ ಕೊಳ್ಳುತ್ತಾರೆ. ಆ ಧೈರ್ಯ ಎಲ್ಲಿಯವರೆಗೆ ನಡೆಯುತ್ತದೆಂಬುದನ್ನು ಕೊಂಡವರೂ ಕೊಳ್ಳುವವರೂ ತಿಳಿದಿರತಕ್ಕದ್ದು.

ವಾರಂಟಿ ಎಂದರೆ ಗಾಡಿಗೆ ಏನಾದರೂ ಕಂಪನಿಯೇ ನೋಡಿಕೊಳ್ಳುತ್ತದೆ ಎಂದಲ್ಲ. ತಯಾರಿಕೆಯಲ್ಲಿ ಅಥವಾ ಸಾಮಾನಿನಲ್ಲಿ ದೋಷವಿದ್ದರೆ ಮಾತ್ರ ಪುಕ್ಕಟೆ ಸರಿಪಡಿಸಿಕೊಡುವೆವೆಂಬ ಕರಾರು ಅದು. ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರು, ಯಾವುದು ಮೊದಲು ಮುಗಿಯುವದೋ ಅಲ್ಲಿಗೆ ಅದರ ಅವಧಿ ತೀರಿತು. ಕ್ಲಚ್ ಪ್ಲೇಟು, ಬ್ರೇಕಿನ ಪ್ಯಾಡು ಮುಂತಾದ ಸವೆಯುವ ಸಾಮಾನು ಸಾಮಾನ್ಯವಾಗಿ ಇದರಲ್ಲಿ ಬರುವದಿಲ್ಲ. ಟೈರು, ಬ್ಯಾಟರಿಗಳ ಹೊಣೆ ಅವನ್ನು ಮಾಡಿದ ಕಂಪನಿಗಳದು. ಅವುಗಳ ಕಾರ್ಡು ಬೇರೆ ಇಟ್ಟುಕೊಳ್ಳಬೇಕು.

ಈಗ ಹೆಚ್ಚು ಜಗಳಕ್ಕೆ ಕಾರಣವಾಗುವ ಒಂದು ಸಂಗತಿಯನ್ನು ಬಿಡಿಸಿ ಹೇಳುತ್ತೇವೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ನಿಯಮ ಜಾರಿಗೆ ಬಂದಿತು. ಅಂದಿನಿಂದ ಡೀಸೆಲ್ ಗಾಡಿಗಳ ಹೊಗೆಯ ಹಾದಿಯಲ್ಲಿ ಡಿಪಿಎಫ್ ಎಂಬ ಒಂದು ಡಬ್ಬಿ ಇರುತ್ತದೆ. ಹೊಗೆಯೊಳಗಿನ ಮಸಿಯನ್ನು ಅದು ಹಿಡಿದಿಡುತ್ತದೆ. ಒಲೆಯ ಕೊಳವೆಯಲ್ಲಿ ಕಾಡಿಗೆ ಕಟ್ಟಿದಂತೆ ಅದರಲ್ಲಿಯೂ ಮಸಿ ಕಟ್ಟುತ್ತದೆ. ಅದನ್ನು ಸುಡಲು ಸುಮಾರು 600 ಡಿಗ್ರಿ ಕಾವು ಬೇಕು. ಗಾಡಿ ಹೆದ್ದಾರಿಯಲ್ಲಿ ಒಂದೇ ವೇಗದಿಂದ ಸ್ವಲ್ಪ ಹೊತ್ತು ಓಡಿದರೆ ಈ ಕಾವು ಹುಟ್ಟಿ ಮಸಿ ತಾನೇ ಉರಿದು ಹೋಗುತ್ತದೆ.

ನಮ್ಮವರ ಓಡಾಟವಾದರೋ ಹೊಲಕ್ಕೆ, ಸಂತೆಗೆ, ಹಾಲಿನ ಡೇರಿಗೆ, ಹೆಚ್ಚೆಂದರೆ ಅಕ್ಕಲಕೋಟದ ಪೇಟೆಗೆ. ಎಂಜಿನ್ನು ಕಾಯುವದರೊಳಗೆ ಊರು ಮುಟ್ಟಿರುತ್ತದೆ. ಮಸಿ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೀಗೆ ಹತ್ತಾರು ಸಲ ನಿಂತರೆ ಡಬ್ಬಿ ತುಂಬಿ ಮುಂದೆ ದೀಪ ಹತ್ತುತ್ತದೆ. ಅದನ್ನು ಲೆಕ್ಕಿಸದೆ ಓಡಿಸಿದರೆ ಗಾಡಿಯ ಶಕ್ತಿ ಇಳಿದು ಎತ್ತಿನ ಬಂಡಿಯಾಗುತ್ತದೆ. ಇನ್ನೊಂದು ಕೇಡೂ ಉಂಟು: ಸುಡುವ ಸಲುವಾಗಿ ಹೆಚ್ಚಿಗೆ ಬಿಟ್ಟ ಡೀಸೆಲ್ಲು ಕೆಳಗಿಳಿದು ಎಂಜಿನ್ ಎಣ್ಣೆಯಲ್ಲಿ ಕೂಡುತ್ತದೆ. ಅಳತೆಯ ಕಡ್ಡಿಯಲ್ಲಿ ಎಣ್ಣೆ ಕಡಿಮೆಯಾಗುವ ಬದಲು ಏರಿದ್ದು ಕಂಡರೆ ಸಂತೋಷಪಡಬೇಡಿರಿ, ಕೂಡಲೇ ತೋರಿಸಿರಿ.

ಇಂಥ ಗಾಡಿಯನ್ನು ಕಾರಖಾನೆಗೆ ಒಯ್ದರೆ ‘ಇದು ತಯಾರಿಕೆಯ ದೋಷವಲ್ಲ, ಓಡಿಸಿದ ರೀತಿಯ ಫಲ’ ಎಂಬ ಉತ್ತರ ಬರುವದು ಸಾಮಾನ್ಯ. ಉತ್ತರ ಬಹಳ ಸಲ ಸುಳ್ಳೂ ಅಲ್ಲ. ಆದರೆ ಮಾರುವಾಗ ಈ ಮಾತನ್ನು ಗಿರಾಕಿಗೆ ತಿಳಿಸುವವರು ವಿರಳ. ಇದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ. ದೀಪ ಹತ್ತಿದೊಡನೆ ಪುಸ್ತಕದಲ್ಲಿ ಹೇಳಿದ ವೇಗದಿಂದ ಸೊಲ್ಲಾಪುರದ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಓಡಿಸಿ ಬಂದರೆ ಬಹುಶಃ ಅಲ್ಲಿಗೇ ಮುಗಿಯುತ್ತದೆ. ವರ್ಷವೆಲ್ಲ ಊರ ಸುತ್ತಲೇ ತಿರುಗುವವರು ಪೆಟ್ರೋಲ್ ಗಾಡಿಯ ವಿಚಾರ ಮಾಡುವದು ಲೇಸು.

ಕೆಲವು ಗಾಡಿಗಳಿಗೆ ಯೂರಿಯಾದ ನೀರನ್ನೂ ಬೇರೆ ಟಾಕಿಯಲ್ಲಿ ಹಾಕಬೇಕಾಗುತ್ತದೆ. ಮನೆಯಲ್ಲಿ ಚೀಲವಿದೆಯಲ್ಲ ಎಂದು ಗೊಬ್ಬರದ ಯೂರಿಯಾ ಕಲಸಿ ಹಾಕೀರಿ, ಜೋಕೆ! ಅದಕ್ಕೆ 2015ರಿಂದ ಬೇವಿನ ಎಣ್ಣೆಯ ಲೇಪವಿದೆ. ಗಾಡಿಗೆ ಬೇಕಾದದ್ದು ಶೇಕಡಾ 32.5ರ ಶುದ್ಧ ದ್ರಾವಣ. ಬೇರೆ ಏನು ಹಾಕಿದರೂ ಪಂಪು ಕೆಟ್ಟು ವಾರಂಟಿಯೂ ಹೋಗುತ್ತದೆ.

ನಮ್ಮ ಎರೆ ಭೂಮಿಯ ಬೇಸಿಗೆಯ ಧೂಳು ಎಲ್ಲರಿಗೂ ಗೊತ್ತು. ಪುಸ್ತಕದಲ್ಲಿ ಗಾಳಿಯ ಫಿಲ್ಟರಿಗೆ ಹೇಳಿದ ಗಡುವು ಡಾಂಬರು ರಸ್ತೆಯದು. ಧೂಳಿನ ಪ್ರದೇಶಕ್ಕೆ ಬೇರೆ ಗಡುವು ಬರೆದಿರುತ್ತದೆ, ನಮಗೆ ಅನ್ವಯಿಸುವದು ಅದೇ. ಜೋಳದ ಚೀಲದ ಪಕ್ಕದಲ್ಲಿ ಗಾಡಿ ನಿಲ್ಲಿಸಿದರೆ ಇಲಿ ತಂತಿ ಕಡಿಯುವದು ಖಂಡಿತ, ಇದಕ್ಕೆ ವಾರಂಟಿ ಇಲ್ಲ. ಹೊರಗಿನ ಅಂಗಡಿಯಲ್ಲಿ ತಂತಿ ಕತ್ತರಿಸಿ ದೊಡ್ಡ ದೀಪ, ಹಾರ್ನು ಹಾಕಿಸಿದವರ ವಿದ್ಯುತ್ತಿನ ತಕರಾರನ್ನೂ ಕಂಪನಿ ಒಪ್ಪಲಾರದು.

ಇನ್ನು ಕಾಗದದ ಮಾತು. ಸೊಲ್ಲಾಪುರದ ಕಾರಖಾನೆಗಳಲ್ಲಿ ಜಾಬ್ ಕಾರ್ಡು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ‘ಜನರಲ್ ಚೆಕಪ್’ ಎಂದಷ್ಟೇ ಬರೆದದ್ದಕ್ಕೆ ಸಹಿ ಮಾಡಬೇಡಿರಿ. ನೀವು ಹೇಳಿದ ತಕರಾರು, ತಾರೀಖು, ಕಿಲೋಮೀಟರು ಮೂರೂ ಅದರಲ್ಲಿ ಬರಲಿ; ಓದಲು ಬಾರದಿದ್ದರೆ ಓದಿಸಿ ಕೇಳಿರಿ. ವಾರಂಟಿ ಇಲ್ಲವೆಂದರೆ ಕಾರಣವನ್ನು ಬರವಣಿಗೆಯಲ್ಲಿ ಬೇಡಿರಿ. ಸರ್ವಿಸಿನ ಪ್ರತಿಯೊಂದು ಪಾವತಿಯನ್ನೂ ಹೊಲದ ಉತಾರದ ಜೊತೆಗೇ ಇಡಿರಿ. ವಿಜಾಪುರ, ಕಲಬುರ್ಗಿಗಳ ಅಧಿಕೃತ ಕಾರಖಾನೆಗಳಲ್ಲಿಯೂ ಸಾಮಾನ್ಯವಾಗಿ ಅದೇ ವಾರಂಟಿ ನಡೆಯುತ್ತದೆ.

ಅಷ್ಟಕ್ಕೂ ಬಗೆಹರಿಯದಿದ್ದರೆ 1915ಕ್ಕೆ ಫೋನು ಮಾಡಬಹುದು; ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದರ ಮುಂದಿನ ಹಾದಿ ಜಿಲ್ಲಾ ಗ್ರಾಹಕ ಆಯೋಗ. ಗಡಿಯ ಜನ ಗಮನಿಸಬೇಕಾದ ಸಂಗತಿ ಇಲ್ಲಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಕಾಯದೆಯಂತೆ ಫಿರ್ಯಾದಿ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಗಾಡಿಯನ್ನು ಕಲಬುರ್ಗಿಯಲ್ಲಿ ಕೊಂಡಿದ್ದರೂ ಅಕ್ಕಲಕೋಟದ ರೈತ ಸೊಲ್ಲಾಪುರದಲ್ಲಿ ದಾವೆ ಹೂಡಲು ಅಡ್ಡಿಯಿಲ್ಲ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲೆಯಲ್ಲಿಯೇ ವಿಚಾರಣೆ. 10ರಿಂದ 20 ಲಕ್ಷದ ಗಾಡಿಗೆ ಶುಲ್ಕ 400 ರೂಪಾಯಿ. ವಕೀಲರನ್ನು ಇಡಲೇಬೇಕೆಂದಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ತಯಾರಿಕೆಯ ದೋಷವೆಂದು ವಾದಿಸುವವರು ತಜ್ಞರ ವರದಿಯನ್ನು ಹಾಜರು ಮಾಡುವದು ಅವಶ್ಯ. ಕೆಟ್ಟ ಭಾಗವನ್ನು ಅಲ್ಲಿಯವರೆಗೆ ಗುಜರಿಗೆ ಹಾಕಬೇಡಿರಿ.