ಆ ಕೈಯಿಂದ ರೊಟ್ಟಿ ಬಡಿಯಬಹುದೇ?

ಪ್ರಶ್ನೆ: ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ, ಕಂಕುಳಿನ ಗಂಟುಗಳನ್ನೂ ತೆಗೆದಿದ್ದಾರೆ. ಇನ್ನು ಆ ಕೈಯಿಂದ ರೊಟ್ಟಿ ಬಡಿಯಬಹುದೇ? ನಾನೇನು ಮಾಡಲಿ?
– ಓದುಗರು, ಚೊಳಚಗುಡ್ಡ

ಉತ್ತರ: ಬಡಿಯಬಹುದು, ಆದರೆ ಈಗಲೇ ಅಲ್ಲ. ಕೈಯಿಂದ ಹರಿದು ಬರುವ ದುಗ್ಧರಸವನ್ನು ಸೋಸಿ ಮುಂದಕ್ಕೆ ಸಾಗಿಸುವುದು ಕಂಕುಳಿನ ಗ್ರಂಥಿಗಳ ಕೆಲಸ. ಅವು ಹೋದ ಮೇಲೆ ದ್ರವ ನಿಂತು ಕೈ ಬಾತುಕೊಳ್ಳಬಹುದು. ಕೆಲವರಿಗೆ ವರ್ಷಗಳ ನಂತರವೂ. ಹಾಗಂತ ಕೈ ಆಡಿಸದೆ ಕೂತರೆ ಭುಜ ಬಿಗಿಯುತ್ತದೆ. ವೈದ್ಯರು ಹೂಂ ಎಂದ ಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸಲಿ. ಬೆರಳು ಮುಟ್ಟಿದಲ್ಲಿ ನೀವು ಸೀಮೆಸುಣ್ಣದ ಗೆರೆ ಎಳೆಯಿರಿ, ಕೈ ಎಷ್ಟು ಮೇಲೇರುತ್ತಿದೆ ಎಂದು ತಿಳಿಯುತ್ತದೆ.

ಗಾಯದಿಂದ ಕೊಳವೆಯಲ್ಲಿ ಇಳಿಯುವ ದ್ರವಕ್ಕೆ ಡ್ರೇನ್ ಬಾಟಲಿ ಇದ್ದರೆ ದಿನಾ ಒಂದೇ ಹೊತ್ತಿಗೆ, ಕೈ ತೊಳೆದುಕೊಂಡು ಆ ದ್ರವವನ್ನು ಅಳೆದು ಬರೆದಿಡಿ. ಕೊಳವೆ ಯಾವಾಗ ತೆಗೆಯಬೇಕೆಂದು ವೈದ್ಯರು ನಿರ್ಧರಿಸುವುದು ಆ ಲೆಕ್ಕ ನೋಡಿಯೇ. ಹಂಚು ತಗುಲಿದ ಸಣ್ಣ ಸುಟ್ಟಗಾಯವೂ ಆ ಕೈಗೆ ಅಪಾಯ; ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಒಪ್ಪುವವರೆಗೆ ರೊಟ್ಟಿ ನೀವೇ ಬಡಿಯಿರಿ, ಸೊಟ್ಟಗಾದರೂ ಹೊಟ್ಟೆ ತುಂಬುತ್ತದೆ! ಬನಶಂಕರಿ ಜಾತ್ರೆಗೆ ಬಂದ ಬೀಗರು ಅನುಕಂಪದ ಮಾತು ಶುರು ಮಾಡಿದರೆ ಚಹಾ ಕೊಟ್ಟು ವಿಷಯ ಬದಲಿಸಿ.

ಇನ್ನು ಖರ್ಚಿನ ವಿಷಯ: ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ಕೇಳಿ.