ನಮ್ಮ ಮಾವ ನಾಯಬ್ ಸುಬೇದಾರ್

ನನ್ನ ಸೋದರಮಾವ ಒಕ್ಕಲುತನ ಮಾಡ್ತಾರೆ. ಟೆರಿಟೋರಿಯಲ್ ಆರ್ಮಿಯಲ್ಲಿ ನಾಯಬ್ ಸುಬೇದಾರ್ ಕೂಡ ಹೌದು. 1949ರಲ್ಲಿ ಶುರುವಾದ ಈ ಸೈನ್ಯ ಸೇರೋಕೆ ಸ್ವಂತ ದುಡಿಮೆ ಇರಲೇಬೇಕು. ವರ್ಷಕ್ಕೆ ಎರಡು ತಿಂಗಳು ತರಬೇತಿ. ನಡುವೆ ಕರೆ ಬಂದರೂ ಹೋಗಬೇಕು. ಹೋದಷ್ಟು ದಿನಕ್ಕೇ ಸಂಬಳ.

ಮಾವ ಸಿಪಾಯಿಯಾಗಿ ಸೇರಿ, ನಾಯಕ್, ಹವಾಲ್ದಾರ್ ಆಗಿ ಈ ಹುದ್ದೆಗೆ ಬಂದರು. ಹೆಗಲ ಮೇಲೆ ಒಂದು ನಕ್ಷತ್ರ. ವಾಯುಸೇನೆಯಲ್ಲಾದರೆ ಜೂನಿಯರ್ ವಾರಂಟ್ ಆಫೀಸರ್ ಅಂತಾರೆ. ಜವಾನರಿಗೂ ದೊಡ್ಡ ಆಫೀಸರಿಗೂ ನಡುವೆ ಇವರೇ. ಸಿಪಾಯಿಗೆ ಮನೆಯಿಂದ ಕೆಟ್ಟ ಸುದ್ದಿ ಬಂದರೆ ಮೊದಲು ಇವರ ಹತ್ತಿರ ಹೇಳ್ತಾನೆ.

ಹೋದ ವರ್ಷ ಶೇಂಗಾ ಕೀಳೋ ಹೊತ್ತಿಗೇ ಕರೆ ಬಂತು. ಅತ್ತೆ, ನಾನು ಕಿತ್ತೆವು. ಮಳೆ ಹಿಡಿದು ಅರ್ಧ ಹೊಲದಲ್ಲೇ ಮೊಳಕೆಯೊಡೆಯಿತು. ಮಾವ ಫೋನಿನಲ್ಲಿ ಎತ್ತು ಹೇಗಿವೆ ಅಂತ ಕೇಳಿದರು. ಚೆನ್ನಾಗಿವೆ ಅಂದೆ. ಶೇಂಗಾ ಮಾತು ಎತ್ತಲಿಲ್ಲ.